ಎಪ್ಪತ್ತು ಮಿಲಿಮೀಟರಿನ ಬಾಗಿಲು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಏಳಕ್ಕೆ ಬಿಳಿ ಮುಚ್ಚಳದ ಹನಿ. ಏಳೂಕಾಲಿಗೆ ಗುಲಾಬಿ ಮುಚ್ಚಳದ್ದು. ಹನ್ನೊಂದಕ್ಕೆ ಮತ್ತೆ ಬಿಳಿ. ಮೂರಕ್ಕೆ ಎರಡೂ. ರಾತ್ರಿ ಊಟದ ಮೊದಲು ಬಿಳಿ.

ಹನಿ ಹಾಕಿದ ಹೊತ್ತನ್ನೆಲ್ಲ ಬರೆದಿಡಿ ಎಂದು ಕಣ್ಣಾಸ್ಪತ್ರೆಯ ನರ್ಸ್ ಹೇಳಿದ್ದಾಳೆ. ಮಗಳು ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿ ಅರ್ಧ ಖಾಲಿ ಇತ್ತು, ಅದರಲ್ಲಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರ ಬಲಗಣ್ಣಿನ ಹಿಂಬದಿಯ ಪರದೆ ಕಳಚಿಕೊಂಡಿತ್ತು. ಪರದೆ ಹೊಲಿದು ಹೊಟ್ಟೆ ಹೊರೆಯುವ ನನಗೆ ಪರದೆ ಕಳಚಿದರೆ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶುಕ್ರವಾರ ಆಪರೇಷನ್ ಆಯಿತು. ಕಣ್ಣೊಳಗೆ ಅನಿಲದ ಗುಳ್ಳೆಯೊಂದನ್ನು ತುಂಬಿದ್ದಾರೆ. ಅದು ಮೇಲಕ್ಕೆ ತೇಲಿ ಪರದೆಯನ್ನು ಒತ್ತಿ ಹಿಡಿಯಬೇಕು. ಅದಕ್ಕೆ ಎರಡು ವಾರ ಮುಖ ಕೆಳಗೆ ಮಾಡಿಕೊಂಡೇ ಇರಬೇಕಂತೆ, ಕೂತರೂ ಮಲಗಿದರೂ. ಗಂಟೆಗೆ ಹತ್ತು ನಿಮಿಷ ಮಾತ್ರ ಬಿಡುವು. ಎಡಗಣ್ಣು ಹುಟ್ಟಿನಿಂದಲೇ ಮಂದ, ನೆಲದ ಹೆಂಚಿನ ಗೆರೆ ಕಂಡರೆ ಹೆಚ್ಚು. ಬಲಗಣ್ಣು ಕೈಕೊಟ್ಟರೆ ಇವರ ಪಾಲಿಗೆ ಉಳಿಯುವುದು ಅಷ್ಟೇ.

ಮಧ್ಯಕ್ಕೆ ತೂತು ಬಿಟ್ಟು ದುಂಡನೆಯ ದಿಂಬೊಂದನ್ನು ಹೊಲಿದುಕೊಟ್ಟೆ. ಹಣೆ ಅದರ ಮೇಲಿಟ್ಟು, ಮೇಜಿಗೆ ಬಾಗಿ ಕೂತಿದ್ದಾರೆ. ಮೂರು ತುತ್ತು ತಿಂದು ಸಾಕೆಂದರು.

ಮಾರ್ಚ್ 4, ಮಂಗಳವಾರ

ಹನಿ ಹೊತ್ತಿಗೆ ಸರಿಯಾಗಿ ಆಯಿತು.

ಹತ್ತು ಗಂಟೆಗೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಕುರ್ಚಿ ಖಾಲಿ. ಮನೆ ಪಕ್ಕದ ರಿಪೇರಿ ಶೆಡ್ಡಿಗೆ ಓಡಿದರೆ ಆಸಾಮಿ ಅಲ್ಲಿದ್ದಾರೆ, ತಲೆ ಎತ್ತಿಕೊಂಡು, ಬಾನೆಟ್ ತೆರೆದ ಆ ಕೆಂಪು ಡಬ್ಬದ ಪಕ್ಕ, ಎರಡೂ ಕೈ ಇಂಜಿನ್ನಿನ ಮೇಲಿಟ್ಟುಕೊಂಡು.

ಎರಡೇ ಬಾಗಿಲಿನ ಈ ಸ್ಪೋರ್ಟ್ಸ್ ಕಾರನ್ನು ಹನ್ನೆರಡು ವರ್ಷದ ಹಿಂದೆ ಗುಜರಿಯಿಂದ ತಂದದ್ದು. ಗಿರಾಕಿಗಳ ಗಾಡಿ ರಿಪೇರಿ ಮುಗಿಸಿ ಉಳಿದ ಹೊತ್ತೆಲ್ಲ ಅದಕ್ಕೇ. ಸವತಿ ಎಂದು ನಾನೂ ಮಗಳೂ ನಗುತ್ತೇವೆ. ನನಗೆ ಪ್ರತಿಸಲವೂ ನಗು ಬರುತ್ತಿತ್ತೆಂದೇನಲ್ಲ.

"ತಲೆ ಬಗ್ಗಿಸ್ರಿ ಮೊದಲು," ಎಂದೆ.

"ಇಂಜಿನ್ ಬಾಯಿ ತೆರೆದಿಟ್ಟು ಆಸ್ಪತ್ರೆಗೆ ಹೋದೆ ಕಣೇ. ನಾಲ್ಕು ತೂತೂ ಹಾಗೇ ಇವೆ. ಧೂಳು ಬೀಳುತ್ತೆ, ಒಂದು ತಿರುಪು ಬಿದ್ದರೂ ಇಂಜಿನ್ ಹಾಳು."

"ಕಣ್ಣು ಹಾಳಾದ್ರೆ?"

ತೋಳು ಹಿಡಿದು ಎಳೆದುಕೊಂಡು ಬಂದು ಕೂರಿಸಿದೆ. ಕೊನೆಗೆ ಒಂದು ಒಪ್ಪಂದವಾಯಿತು. ಇವರು ತಲೆ ಎತ್ತುವಂತಿಲ್ಲ. ಶೆಡ್ಡಿನ ಕೆಲಸ ಏನಿದ್ದರೂ ಬಾಯಲ್ಲಿ ಹೇಳಬೇಕು, ನಾನು ಮಾಡಬೇಕು. ಮೇಜು, ಕುರ್ಚಿ, ದಿಂಬು ಎಲ್ಲವನ್ನೂ ಶೆಡ್ಡಿನ ಬಾಗಿಲಿಗೆ ಸಾಗಿಸಿದೆ. ಇವತ್ತಿಗೆ ತೂತು ಮುಚ್ಚಿದರೆ ಸಾಕಂತೆ. ನಾಲ್ಕು ಪುಟ್ಟ ಬಟ್ಟೆಯ ಉಂಡೆ ಹೊಲಿದು, ಒಳಗೇ ಮರೆತುಹೋಗದಂತೆ ಒಂದೊಂದಕ್ಕೂ ಕೆಂಪು ಲಾಡಿಯ ಬಾಲ ಬಿಟ್ಟು, ತೂತುಗಳಿಗೆ ತುರುಕಿ ಬಂದೆ.

ಇವರು ಒಂದು ಉಂಡೆಯನ್ನು ಕೈಯಲ್ಲಿ ತಿರುಗಿಸಿ ಮುಟ್ಟಿ ನೋಡಿದರು. "ಮೂವತ್ತು ವರ್ಷದಿಂದ ಹಳೇ ಬನೀನು ತುರುಕ್ತಿದ್ದೆ," ಎಂದರು.

ಮಧ್ಯಾಹ್ನ ಪೂರ್ತಿ ಊಟ ಮಾಡಿದರು.

ಮಾರ್ಚ್ 7, ಶುಕ್ರವಾರ

ಗಾಡಿ ವಿಷಯ ಬರೆಯಲು ಅಲ್ಲ ಈ ಪುಸ್ತಕ. ಆದರೂ ಇವತ್ತಿನದನ್ನು ಬರೆದಿಡದಿದ್ದರೆ ನಾಳೆ ನನಗೇ ಮರೆತುಹೋಗುತ್ತದೆ.

ಥ್ರಾಟಲ್ ಬಾಡಿ ಎಂದರೆ ಇಂಜಿನ್ನಿಗೆ ಗಾಳಿ ಹೋಗುವ ಬಾಗಿಲು. ಒಂದು ದುಂಡನೆಯ ಕೊಳವೆ, ಅದರೊಳಗೆ ತಟ್ಟೆಯಂಥ ಕದ. ಕಾಲಲ್ಲಿ ಪೆಡಲ್ ಒತ್ತಿದರೆ ಕದ ತೆರೆಯುತ್ತದೆ. ಹಳೆಯದು ಅರವತ್ತು ಮಿಲಿಮೀಟರ್, ಇವರು ತರಿಸಿಟ್ಟಿರುವುದು ಎಪ್ಪತ್ತು.

"ಹತ್ತು ಮಿಲಿಮೀಟರ್‌ಗೆ ಇಷ್ಟೊಂದು ರಾಮಾಯಣಾನಾ?" ಎಂದೆ.

"ನೀನು ಸೊಂಟದ ಅಳತೆ ಹತ್ತು ಮಿಲಿಮೀಟರ್ ತಪ್ಪಿಸಿ ನೋಡು."

ಒಪ್ಪಬೇಕಾಯಿತು.

"ಟರ್ಬೊ ಅಂದ್ರೆ ಗಾಳೀನ ಹಿಂದಿಂದ ತಳ್ಳೋ ಪಂಪು. ಅದು ತಳ್ತಾನೇ ಇರುತ್ತೆ. ಬಾಗಿಲು ಚಿಕ್ಕದಾದ್ರೆ ಅಲ್ಲಿ ನೂಕುನುಗ್ಗಲು. ದೊಡ್ಡದು ಮಾಡಿದ್ರೆ ಬಲ ಏನೂ ವಿಪರೀತ ಜಾಸ್ತಿ ಆಗಲ್ಲ. ಆದ್ರೆ ಕಾಲಿಟ್ಟ ತಕ್ಷಣ ಗಾಡಿ ಹೂಂ ಅನ್ನುತ್ತೆ. ಕೂಗಿದವರಿಗೆ ತಕ್ಷಣ ಓಗೊಟ್ಟ ಹಾಗೆ."

ನಾನು ಕೂಗಿದಾಗ ಇವರು ಎಷ್ಟು ಬೇಗ ಓಗೊಡುತ್ತಾರೆಂಬುದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ತೊಡಕು ಏನೆಂದರೆ, ಬಾಗಿಲು ದೊಡ್ಡದಾದರೂ ಅದು ಕೂರುವ ಮ್ಯಾನಿಫೋಲ್ಡಿನ ಬಾಯಿ ಇನ್ನೂ ಅರವತ್ತೇ. ಮ್ಯಾನಿಫೋಲ್ಡ್ ಎಂದರೆ ಆ ಗಾಳಿಯನ್ನು ನಾಲ್ಕು ಪಾಲು ಮಾಡಿ ಹಂಚುವ ಅಲ್ಯೂಮಿನಿಯಂ ಕೊಳವೆಗಳ ಗೊಂಚಲು. ಅದರ ಬಾಯನ್ನು ಲೋಹ ಕಡೆಯುವ ಲೇಥಿನಲ್ಲಿ ಕೊರೆಸಿ, ಆಮೇಲೆ ಒಳಗೋಡೆಯನ್ನು ಕೈಯಲ್ಲಿ ಉಜ್ಜಿ ನಯ ಮಾಡಬೇಕು. ಅದೇ ನನ್ನ ಕೆಲಸವಂತೆ.

ಎಡ ಬಲದ ಮೇಲೆ ಜಗಳವಾಯಿತು. "ಎಡಗಡೆ ಬೋಲ್ಟು" ಎಂದರೆ ನನ್ನ ಎಡವೋ ಇಂಜಿನ್ನಿನ ಎಡವೋ? ಇನ್ನು ಮೇಲೆ ಒಂದನ್ನು ಗೋಡೆ ಕಡೆ, ಇನ್ನೊಂದನ್ನು ನಲ್ಲಿ ಕಡೆ ಎಂದು ಕರೆಯುವುದೆಂದು ತೀರ್ಮಾನ.

ಮಾರ್ಚ್ 10, ಸೋಮವಾರ

ನಮ್ಮ ಬೀದಿಯ ಕೊನೆಯಲ್ಲಿ ಲೇಥ್ ಇಟ್ಟುಕೊಂಡಿರುವವರನ್ನು ಎಲ್ಲರೂ ಲೇಥಣ್ಣ ಎಂದೇ ಕರೆಯುವುದು. ಇವರ ಹಳೆಯ ಸ್ನೇಹಿತ. ಮ್ಯಾನಿಫೋಲ್ಡಿನ ಬಾಯಿ ಕೊರೆದು ತಾವೇ ತಂದುಕೊಟ್ಟರು. ಬಾಗಿ ಕೂತ ಸ್ನೇಹಿತನನ್ನು ಕಂಡು, "ಏನಯ್ಯಾ, ನೆಲದಲ್ಲಿ ಏನಾದ್ರೂ ಬಿದ್ದು ಸಿಕ್ಕರೆ ನನಗೂ ಅರ್ಧ ಕೊಡು," ಎಂದರು. ಇವರು ನಕ್ಕರು. ಆಪರೇಷನ್ ಆದ ಮೇಲೆ ಮೊದಲ ಸಲ.

ಸಂಜೆ ಒಳಗೋಡೆಯ ಮೇಲೆ ಬೆರಳಾಡಿಸಿದಾಗ ಗೋಡೆ ಕಡೆಗೆ ಸಣ್ಣ ಮೆಟ್ಟಿಲಿನಂಥ ಏರು ಸಿಕ್ಕಿತು. ಕಣ್ಣಿಗೆ ಏನೂ ಕಾಣಿಸುವುದಿಲ್ಲ. ತೋಳಿನ ಹೊಲಿಗೆಯಲ್ಲಿ ಒಂದು ಎಳೆ ಸೇರಿಕೊಂಡರೆ ಬೆರಳಿಗೆ ಗೊತ್ತಾಗುವ ಹಾಗೆ ಅಷ್ಟೇ.

"ಇಲ್ಲೊಂದು ಮೆಟ್ಟಿಲಿದೆ ರೀ."

"ಲೇಥಣ್ಣ ಅಳತೆ ತಪ್ಪೋನಲ್ಲ. ಕೊಡು ಇಲ್ಲಿ."

ಮೇಜಿನ ಕೆಳಗೆ ಇವರ ತೊಡೆಯ ಮೇಲಿಟ್ಟೆ. ಇವರ ಬೆರಳು ಎಲ್ಲೆಲ್ಲೋ ಹುಡುಕಿತು. ನಾನೇ ಆ ಬೆರಳು ಹಿಡಿದು ಒಳಗೆ ಒಯ್ದು ಜಾಗ ತೋರಿಸಿದೆ.

"ಹೌದು," ಎಂದರು. ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. "ನಾನಾಗಿದ್ರೆ ಬಿಟ್ಟುಬಿಡ್ತಿದ್ದೆ ಕಣೇ. ನನ್ನ ಬೆರಳು ದಪ್ಪ ಚರ್ಮ."

ಎರಡು ಗಂಟೆ ಉಜ್ಜಿದೆ. ಹೊಲಿಯಬೇಕಿದ್ದ ಕೋಟು ಒಂದು ಹಾಗೇ ಉಳಿಯಿತು. ಗಿರಾಕಿಗೆ ನಾಳೆ ಎಂದೆ.

ಮಾರ್ಚ್ 12, ಬುಧವಾರ

ಉಜ್ಜುವುದು ಮುಗಿಯಿತು. ಮೊದಲು ಒರಟು ಉಪ್ಪುಕಾಗದ, ಆಮೇಲೆ ನಯದ್ದು. ಒಳಗೆ ಬೆರಳು ಬೆಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ. ಮೂರು ಸಲ ಸೋಪಿನ ನೀರಲ್ಲಿ ತೊಳೆದೆ. ಒಂದು ಚೂರು ಪುಡಿ ಉಳಿದರೂ ಇಂಜಿನ್ನಿನ ಹೊಟ್ಟೆ ಸೇರುತ್ತದಂತೆ. ಒಣಗಿಸಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟೆ. ಮಗುವಿನ ಹಾಗೆ ಸುತ್ತಿದ್ದೀಯಲ್ಲಮ್ಮಾ ಎಂದು ಫೋನಿನಲ್ಲಿ ಫೋಟೋ ನೋಡಿ ಮಗಳು ನಕ್ಕಳು.

ಪಕ್ಕದಲ್ಲಿ ನಿಂತು ಒರೆಸುತ್ತಿದ್ದಾಗ ಇವರು ಕೇಳಿದರು: "ನಿನ್ನ ಹಿಮ್ಮಡಿ ಯಾವಾಗಿಂದ ಹೀಗೆ ಒಡೆದಿದೆ?"

"ಎಷ್ಟೋ ವರ್ಷದಿಂದ."

"ನೋಡೇ ಇರಲಿಲ್ಲ."

ನೆಲ ಬಿಟ್ಟರೆ ನೋಡಲು ಇವರಿಗೆ ಬೇರೇನಿದೆ ಈಗ, ಎಂದುಕೊಂಡೆ. ಊಟವಾದ ಮೇಲೆ ಗ್ರೀಸಿನ ಕೈಗೆ ಹಚ್ಚುವ ಮುಲಾಮಿನ ಡಬ್ಬಿಯನ್ನು ಕಾಲ ಬಳಿ ತಳ್ಳಿದರು. ಹಚ್ಚಿಕೊಂಡೆ. ಉರಿಯಿತು.

ಮಾರ್ಚ್ 13, ಗುರುವಾರ

ಲೇಥಣ್ಣ ಬಂದಾಗ ನಾನು ಒಳಗೆ ಚಹಾ ಸೋಸುತ್ತಿದ್ದೆ. ಇವರು ಹೇಳಿದ್ದು ಅಲ್ಲಿಗೇ ಕೇಳಿಸಿತು.

"ಗಾಡೀನ ತಗೊಂಡು ಹೋಗಿಬಿಡಯ್ಯಾ. ಬಿಚ್ಚಿದ್ದೆಲ್ಲ ಡಬ್ಬದಲ್ಲಿ ಹಾಕಿಕೊಡ್ತಾಳೆ. ಕಣ್ಣು ಬರದಿದ್ರೆ ಅದನ್ನ ಎದುರಿಗಿಟ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ."

ಹನ್ನೆರಡು ವರ್ಷ ಈ ಮಾತಿಗೇ ಕಾದಿದ್ದವಳು ನಾನು. ಆದರೆ ಸೌಟು ಹಿಡಿದೇ ಹೊರಗೆ ಬಂದವಳು ಆಡಿದ ಮಾತೇ ಬೇರೆ.

"ಯಾರೂ ಎಲ್ಲಿಗೂ ತಗೊಂಡು ಹೋಗಲ್ಲ. ಬೆರಳು ಸವೆಸಿದ್ದು ನಾನು."

ಲೇಥಣ್ಣ ಚಹಾಕ್ಕೂ ಕಾಯದೆ ಜಾಗ ಖಾಲಿ ಮಾಡಿದರು.

"ಯಾರು ಓಡಿಸ್ತಾರೆ ಅದನ್ನ? ನೀನಾ?" ಎಂದರು ಇವರು.

ಅಲ್ಲಿಗೆ ನನ್ನ ಮಾತಿನ ಕಟ್ಟೆಯೊಡೆಯಿತು. ಮದುವೆಯಾದ ಮೂರನೇ ವರ್ಷ, ನಾನು ಐದು ತಿಂಗಳ ಬಸುರಿ, ಇವರ ಆಗಿನ ಗಾಡಿಯನ್ನು ಗೇಟಿನ ಕಂಬಕ್ಕೆ ಗುದ್ದಿಸಿದ್ದೆ. ಬೀದಿಯೆಲ್ಲ ಸೇರಿತ್ತು. "ಕತ್ತರಿ ಹಿಡಿಯೋ ಕೈಗೆ ಸ್ಟೀರಿಂಗ್ ಕೊಟ್ಟಿದ್ದೇ ತಪ್ಪು" ಎಂದು ಎಲ್ಲರೆದುರು ಕೂಗಾಡಿದ್ದರು. ಬ್ರೇಕ್ ಒತ್ತಿದೆ, ಪೆಡಲ್ ಸುಮ್ಮನೆ ಒಳಗೆ ಹೋಯಿತು ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನನ್ನ ಕಾಲನ್ನು ನಾನೇ ನಂಬುವುದು ಬಿಟ್ಟೆ. ಇಪ್ಪತ್ತೆರಡು ವರ್ಷವಾಯಿತು ಸ್ಟೀರಿಂಗ್ ಮುಟ್ಟಿ. ಎಲ್ಲವನ್ನೂ ಹೇಳಿದೆ.

ಇವರು ದಿಂಬಿನಿಂದ ಹಣೆ ತೆಗೆಯಲಿಲ್ಲ. ನೆಲದ ಜೊತೆ ಮಾತಾಡುವವರಂತೆ ಹೇಳಿದರು.

"ಹಿಂದಿನ ದಿನ ಬ್ರೇಕ್ ಪೈಪು ಬದಲಾಯಿಸಿದ್ದೆ. ಒಳಗೆ ಸೇರಿಕೊಂಡ ಗಾಳಿ ಪೂರ್ತಿ ತೆಗೆದಿರಲಿಲ್ಲ. ನಾಳೆ ತೆಗೆದರಾಯ್ತು ಅಂತ ಬಿಟ್ಟೆ. ನಿನಗೆ ಹೇಳೋದು ಮರೆತೆ. ಗಾಳಿ ಇದ್ರೆ ಪೆಡಲ್ ಹಾಗೇ ಒಳಗೆ ಹೋಗುತ್ತೆ. ನೀನು ಹೇಳಿದ್ದು ನಿಜ."

"ಗೊತ್ತಿತ್ತಾ ನಿಮಗೆ? ಅವತ್ತೇ?"

"ಕಂಬಕ್ಕೆ ಗುದ್ದಿದ ಸದ್ದು ಕೇಳಿದ ಗಳಿಗೇಲೇ ಗೊತ್ತಾಯ್ತು. ಹೊಟ್ಟೇಲಿ ಮಗು ಇತ್ತು. ಭಯಕ್ಕೆ ಕೂಗಿಬಿಟ್ಟೆ. ಕೂಗಿದ ಮೇಲೆ ಹಿಂದಕ್ಕೆ ಬರೋಕೆ ದಾರಿ ಗೊತ್ತಾಗಲಿಲ್ಲ."

ಚಹಾ ಆರಿಹೋಗಿತ್ತು. ಚೆಲ್ಲಿದೆ.

ಮಾರ್ಚ್ 14, ಶುಕ್ರವಾರ

ಹನಿ ಐದು ಸಲ. ಮಾತಿಲ್ಲ.

ಮಾರ್ಚ್ 15, ಶನಿವಾರ

ಮುಗಿಸಿ ಕೈತೊಳೆದುಕೊಳ್ಳೋಣ ಎಂದು ಶೆಡ್ಡಿಗೆ ಹೋದೆ. ಮ್ಯಾನಿಫೋಲ್ಡಿಗೂ ಹೊಸ ಬಾಗಿಲಿಗೂ ನಡುವೆ ಗಾಳಿ ಸೋರದಂತೆ ದಪ್ಪ ಹಾಳೆಯ ಗ್ಯಾಸ್ಕೆಟ್ ಕೂರಿಸಬೇಕು. ಯಾರನ್ನೂ ಕೇಳಲಿಲ್ಲ. ಸೀಮೆಸುಣ್ಣದಲ್ಲಿ ಅಚ್ಚು ತೆಗೆದು ಸರಸರ ಕತ್ತರಿಸಿದೆ. ನಾಲ್ಕು ಉಂಡೆಗಳನ್ನು ಬಾಲ ಹಿಡಿದು ಎಳೆದು, ಎಣಿಸಿ, ಮ್ಯಾನಿಫೋಲ್ಡ್ ಕೂರಿಸಿ, ಅದರ ಬಾಯಿಗೆ ಬಾಗಿಲು ಇಟ್ಟು, ನಾಲ್ಕೂ ಬೋಲ್ಟು ಬಿಗಿದೆ.

ಇವರು ಬಾಗಿಲ ಬಳಿ ಕೂತೇ ಇದ್ದರು. ಪಾನಾ ತಿರುಗುವ ಸದ್ದು ಕೇಳುತ್ತಿದ್ದರು. ಒಮ್ಮೆ ಮಾತ್ರ "ಎದುರುಬದುರು ಬಿಗಿ, ಒಂದೇ ಕಡೆಯಿಂದ ಬೇಡ," ಎಂದರು. ಎದುರುಬದುರೇ ಬಿಗಿದೆ.

ಮಾರ್ಚ್ 17, ಸೋಮವಾರ

ಪರದೆ ಅಂಟಿಕೊಂಡಿದೆ ಎಂದರು ಕಣ್ಣಿನ ಡಾಕ್ಟರಮ್ಮ. ಇನ್ನು ತಲೆ ಎತ್ತಬಹುದು. ಬಗ್ಗುವುದು, ಭಾರ ಎತ್ತುವುದು, ಅಂಗಾತ ಮಲಗುವುದು ಗುಳ್ಳೆ ಕರಗುವ ತನಕ ಬೇಡ. ಎಷ್ಟು ಕಾಣುತ್ತದೆ ಎಂದು ಈಗಲೇ ಹೇಳಲಾಗದು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಇವರು ಹದಿನೇಳು ದಿನಗಳ ನಂತರ ಮುಖ ಎತ್ತಿ ನನ್ನ ಕಡೆ ತಿರುಗಿದರು. ಗುಳ್ಳೆಯ ಮೂಲಕ ನಾನು ಅಲೆಅಲೆಯಾಗಿ ಕಾಣುತ್ತೇನಂತೆ.

"ಸಣ್ಣಗಾಗಿದ್ದೀಯ," ಎಂದರು.

"ಅದು ಗುಳ್ಳೆ," ಎಂದೆ.

ಅಷ್ಟು ಮಾತು. ಆದರೂ ಮೂರು ದಿನಕ್ಕೆ ಅದೇ ಹೆಚ್ಚು. ಬೇಡವೆಂದುಕೊಂಡರೂ ಮೆಟ್ಟಿಲಿಳಿಯುವಾಗ ಕೈ ಹಿಡಿದುಕೊಳ್ಳಬೇಕಾಯಿತು.

ಮಾರ್ಚ್ 20, ಗುರುವಾರ

ಕದ ಎಷ್ಟು ತೆರೆದಿದೆಯೆಂದು ಗಾಡಿಯ ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಒಂದಿದೆ. ಅದನ್ನು ಹೊಂದಿಸುವುದು ಕೇಳದೆ ಆಗದ ಕೆಲಸ. ಕೇಳಿದೆ. ಕದ ಮುಚ್ಚಿದಾಗ ಮೀಟರಿನಲ್ಲಿ ಅರ್ಧ ವೋಲ್ಟ್ ತೋರಿಸಬೇಕಂತೆ. ಎರಡು ತಿರುಪು ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, 0.50 ಬಂದಾಗ ಬಿಗಿದೆ. ಪೈಪು, ಕ್ಲಾಂಪು, ಕೇಬಲ್ ಎಲ್ಲ ಸೇರಿತು.

"ನೀನೇ ಕೀ ತಿರುಗಿಸು," ಎಂದರು.

ಇಂಜಿನ್ ಹತ್ತಿಕೊಂಡಿತು. ಮರುಗಳಿಗೆಯಲ್ಲೇ ಪೆಡಲ್ ಮುಟ್ಟದಿದ್ದರೂ ಚೀರತೊಡಗಿತು. ಇಂಜಿನ್ನಿನ ಸುತ್ತು ತೋರಿಸುವ ಮುಳ್ಳು ಏರುತ್ತ ಏರುತ್ತ ಮೂರು ಸಾವಿರ ದಾಟಿತು. ಶೆಡ್ಡಿನ ತಗಡು ನಡುಗಿತು. ಕೀ ತಿರುಗಿಸಿ ಆರಿಸಿ ಸ್ಟೀರಿಂಗ್ ಹಿಡಿದು ಹಾಗೇ ಕೂತುಬಿಟ್ಟೆ. ಬೀದಿಯ ಜನ, ಗೇಟಿನ ಕಂಬ, ಎಲ್ಲ ಮತ್ತೆ ಕಣ್ಣೆದುರು ಬಂದಂತಾಯಿತು.

ಇವರು ಕಿಟಕಿಯ ಬಳಿ ಬಂದರು. "ಏನೂ ಹಾಳಾಗಿಲ್ಲ. ಎಲ್ಲೋ ಕಳ್ಳಗಾಳಿ ಒಳಗೆ ಹೋಗ್ತಿದೆ. ಸಿಳ್ಳೆ ಕೇಳಿಸ್ತು ನಂಗೆ. ಹುಡುಕೋಣ, ಇಳಿ."

ಗಾಳಿಯ ಕೊಳವೆಯ ಬಾಯಿ ಮುಚ್ಚಿ, ಟೈರಿಗೆ ಗಾಳಿ ತುಂಬುವ ಪಂಪಿನಿಂದ ಒಂದಿಷ್ಟು ಗಾಳಿ ಬಿಟ್ಟು, ಕೂಡುವ ಜಾಗಗಳಿಗೆಲ್ಲ ಬ್ರಷ್ಷಿನಲ್ಲಿ ಸೋಪಿನ ನೀರು ಬಳಿದೆ. ಹೊಸ ಬಾಗಿಲಿನ ಕೆಳಗೆ, ನಲ್ಲಿ ಕಡೆಯ ಮೂಲೆಯಲ್ಲಿ ಗುಳುಗುಳು ಗುಳ್ಳೆ ಎದ್ದವು.

ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು.

"ಗ್ಯಾಸ್ಕೆಟ್ ರೀ. ಶನಿವಾರ ಸಿಟ್ಟಲ್ಲಿ ಕತ್ತರಿಸಿದ್ದು. ಆ ಮೂಲೇಲಿ ಕತ್ತರಿ ಜಾರಿತ್ತು. ಕಂಡೂ ಹಾಗೇ ಕೂರಿಸಿದೆ. ತಪ್ಪು ನಂದೇ."

ಇವರು ಕುರ್ಚಿಗೆ ಹೋಗಿ ಕೂತರು. ಸೋಪಿನ ನೀರು ಒರೆಸುತ್ತ ತಿರುಗಿ ನೋಡಿದರೆ ಕೆನ್ನೆ ಒದ್ದೆಯಾಗಿತ್ತು. ಕಣ್ಣಿಗೆ ಏನಾದರೂ ಆಯಿತೇನೋ ಎಂದು ಗಾಬರಿಯಾಗಿ ಹನಿ ತರಲು ಓಡಿದೆ.

"ಹನಿ ಬೇಡ," ಎಂದರು. "ಒಂದು ನಿಮಿಷದಲ್ಲಿ ಹೇಳಿಬಿಟ್ಟೆಯಲ್ಲೇ ನೀನು. ನಂಗೆ ಇಪ್ಪತ್ತೆರಡು ವರ್ಷ ಬೇಕಾಯ್ತು."

ಪಕ್ಕದಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ. ನೆಲದ ಮೇಲೆ ಕೂತೆ.

ಮಾರ್ಚ್ 22, ಶನಿವಾರ

ಹೊಸ ಗ್ಯಾಸ್ಕೆಟ್ ಕತ್ತರಿಸಿದೆ. ಮೊದಲು ಕಾಗದದಲ್ಲಿ ಅಚ್ಚು, ಆಮೇಲೆ ಹಾಳೆ. ಬೋಲ್ಟಿನ ತೂತುಗಳಿಗೆ ಅಂಗಿ ಗುಂಡಿಯ ಕಾಜಾ ಕತ್ತರಿಸುವ ಉಳಿಯನ್ನೇ ಬಳಸಿದೆ. ಸೋಪಿನ ನೀರಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.

ಕೀ ತಿರುಗಿಸಿದೆ. ಮುಳ್ಳು ಒಮ್ಮೆ ಏರಿ, ಇಳಿದು, ಒಂಬೈನೂರರಲ್ಲಿ ನಿಂತಿತು. ಎಷ್ಟು ಸಮವಾದ ಸದ್ದು. ಒಳ್ಳೆಯ ಹೊಲಿಗೆ ಮೆಷಿನ್ನಿಗೆ ಎಣ್ಣೆ ಹಾಕಿದ ದಿನ ಕೇಳುತ್ತದಲ್ಲ, ಹಾಗೆ.

"ಸ್ವಲ್ಪ ಒತ್ತು ಪೆಡಲ್," ಎಂದರು. ಒತ್ತಿದೆ. ಕಾಲು ತಾಗಿತೋ ಇಲ್ಲವೋ ನಮ್ಮ ಗಾಡಿ ಹೂಂ ಎಂದಿತು.

ಏಪ್ರಿಲ್ 5, ಶನಿವಾರ

ಲೇಥಣ್ಣನ ಹೆಂಡತಿಯ ಜೊತೆ ಹೋಗಿ ಹಳೆಯ ಲೈಸೆನ್ಸಿನ ಬದಲು ಹೊಸದಕ್ಕೆ ಅರ್ಜಿ ಕೊಟ್ಟು ಬಂದೆ. ಪರೀಕ್ಷೆ ಹದಿನೈದಕ್ಕೆ. ಅಲ್ಲಿಯ ತನಕ ದಿನಾ ಬೆಳಿಗ್ಗೆ ಅವರ ಗಾಡಿಯಲ್ಲೇ ಅಭ್ಯಾಸ. ಗುಮಾಸ್ತ ಹಳೆಯ ಫೋಟೋ ನೋಡಿ, "ಇದು ನಿಮ್ಮ ಮಗಳದ್ದಾ?" ಎಂದ.

ಮಧ್ಯಾಹ್ನ ಇವರಿಗೆ ಹೇಳಿದೆ: "ಬ್ರೇಕಿನ ಗಾಳಿ ತೆಗೆಯೋದು ನಂಗೆ ಕಲಿಸಿ."

ನನ್ನ ಮುಖವನ್ನೇ ನೋಡಿದರು. ಏನು ಹುಡುಕುತ್ತಿದ್ದರೋ. ಆಮೇಲೆ ಗಾಡಿಯೊಳಗೆ ಕೂತು ಪೆಡಲಿನ ಮೇಲೆ ಕಾಲಿಟ್ಟರು. ನಾನು ಚಕ್ರದ ಪಕ್ಕ ಮಲಗಿ, ಪುಟ್ಟ ತಿರುಪಿಗೆ ಪಾನಾ ಹಾಕಿ, ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿಯನ್ನು ಸೀಸೆಯಲ್ಲಿ ಮುಳುಗಿಸಿದೆ.

"ಒತ್ತಿ. ಹಿಡ್ಕೊಳ್ಳಿ." ತಿರುಪು ಬಿಚ್ಚಿದೆ. ಎಣ್ಣೆಯ ಜೊತೆ ಒಂದು ಗುಳ್ಳೆ ಬಂತು. ತಿರುಪು ಬಿಗಿದೆ. "ಬಿಡಿ."

ನಾಲ್ಕೂ ಚಕ್ರ ಮುಗಿಯಲು ಸಂಜೆಯಾಯಿತು. ಕೊನೆಗೆ ಪೈಪಿನಲ್ಲಿ ಬರೀ ಎಣ್ಣೆ.

"ಈಗ ನೀನು ಒತ್ತಿ ನೋಡು," ಎಂದರು. ಒತ್ತಿದೆ. ಕಲ್ಲಿನ ಹಾಗೆ ನಿಂತಿತು. ಮತ್ತೊಮ್ಮೆ ಒತ್ತಿದೆ. ಇನ್ನೂ ನಾಲ್ಕು ಸಲ ಒತ್ತಿದೆ. ಸಾಕು ಎಂದು ಇವರು ಹೇಳಲಿಲ್ಲ.

ಏಪ್ರಿಲ್ 15, ಮಂಗಳವಾರ

ಪಾಸು.

ಏಪ್ರಿಲ್ 25, ಶುಕ್ರವಾರ

ಗುಳ್ಳೆ ಪೂರ್ತಿ ಕರಗಿದೆ. ಇನ್ನು ಹೇಗೆ ಬೇಕಾದರೂ ಮಲಗಬಹುದು. ಡಾಕ್ಟರಮ್ಮ ಗೋಡೆಯ ಅಕ್ಷರ ಓದಿಸಿದರು. ಇವರು ಮೇಲಿನ ಮೂರು ಸಾಲು ಓದಿದರು. ನಾಲ್ಕನೆಯದಕ್ಕೆ ತಡವರಿಸಿದರು. ಕನ್ನಡಕ ಹಾಕಿದರೆ ಕೆಲಸ ಮಾಡಬಹುದು, ಪತ್ರಿಕೆ ಓದಬಹುದು. ಗಾಡಿ ಓಡಿಸುವಷ್ಟು ಬರುವುದಿಲ್ಲ.

"ಮುಂದೆ?" ಎಂದರು ಇವರು.

"ಮುಂದೂ ಕಷ್ಟ," ಎಂದರು ಡಾಕ್ಟರಮ್ಮ. ಸುತ್ತಿ ಬಳಸಿ ಹೇಳದವರು, ಒಳ್ಳೆಯವರು.

ಬಸ್ಸಿನಲ್ಲಿ ಇವರು ಕಿಟಕಿಯಾಚೆಗೇ ನೋಡುತ್ತಿದ್ದರು. ಮನೆ ಹತ್ತಿರ ಬಂದಾಗ, "ಅಂಗಡಿ ಬೋರ್ಡು ಓದೋಕಾಗುತ್ತೆ ಕಣೇ," ಎಂದರು. ಬೀದಿಯ ಬೋರ್ಡುಗಳನ್ನೆಲ್ಲ ನನಗೆ ಓದಿ ಹೇಳಿದರು. ನಾನು ಕೇಳಿಸಿಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಮಾತ್ರ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು. ಹನ್ನೆರಡು ವರ್ಷ ಕೂಡಿಸಿದ ಗಾಡಿ. ಏನು ಹೇಳಲಿ. ಪಕ್ಕಕ್ಕೆ ಸರಿದು ಕೂತೆ.

ಏಪ್ರಿಲ್ 27, ಭಾನುವಾರ

ಬೆಳಿಗ್ಗೆ ಆರಕ್ಕೆ ಹೊರಟೆವು. ಬೀದಿಯಲ್ಲಿ ಹಾಲಿನ ವ್ಯಾನು ಬಿಟ್ಟರೆ ಯಾರೂ ಇಲ್ಲ. ಇವರು ಪಕ್ಕದ ಸೀಟಿನಲ್ಲಿ ಬೆಲ್ಟ್ ಬಿಗಿದು, ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದು ಕೂತಿದ್ದರು. ಯಾರು ಓಡಿಸಿದರೂ ಇವರು ಕೂರುವುದು ಹಾಗೇ, ಇಲ್ಲದ ಬ್ರೇಕನ್ನು ಕಾಲು ಹುಡುಕುತ್ತಿರುತ್ತದೆ.

ಗೋದಾಮುಗಳ ಹಿಂದಿನ ನೇರ ರಸ್ತೆಯಲ್ಲಿ, "ಮೂರನೇ ಗೇರು. ಈಗ ಒತ್ತು," ಎಂದರು. ಒತ್ತಿದೆ. ಟರ್ಬೊ ಸಿಳ್ಳೆ ಹಾಕಿತು, ಬೆನ್ನು ಸೀಟಿಗೆ ಅಂಟಿಕೊಂಡಿತು. ನಾನು ಜೋರಾಗಿ ನಕ್ಕೆ. ಇವರು ಕಣ್ಣು ಮುಚ್ಚಿ ಇಂಜಿನ್ ಕೇಳುತ್ತಿದ್ದರು.

"ಹೇಗಿದೆ?" ಎಂದೆ.

"ನೀನು ಹೇಳು. ಕಾಲು ನಿಂದು."

"ಕೇಳಿದ ತಕ್ಷಣ ಕೊಡುತ್ತೆ," ಎಂದೆ.

ಕೆರೆಯ ತನಕ ಹೋಗಿ ತಿರುಗಿಸಿಕೊಂಡೆ. ಬರುವಾಗ ನಿಧಾನಕ್ಕೇ ಬಂದೆ. ಗಿರಾಕಿಯ ಕೋಟಿನ ವಿಷಯ, ಮಗಳು ರಜಕ್ಕೆ ಬರುವ ವಿಷಯ ಏನೇನೋ ಹೇಳುತ್ತಿದ್ದೆ. ಉತ್ತರ ಬರದಿದ್ದಾಗ ಪಕ್ಕಕ್ಕೆ ನೋಡಿದೆ. ಸೀಟಿನ ಅಂಚಿನಿಂದ ಕೈ ಜಾರಿ ತೊಡೆಯ ಮೇಲೆ ಬಿದ್ದಿತ್ತು. ತಲೆ ಹಿಂದಕ್ಕೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ ಹೋಗಿದ್ದರು.

ನಮ್ಮ ಬೀದಿ ಬಂತು, ಗೇಟು ಬಂತು. ನಿಲ್ಲಿಸಲಿಲ್ಲ. ಗೇರು ಬದಲಾಯಿಸುವಾಗ ಕುಲುಕದಂತೆ ನೋಡಿಕೊಂಡು, ಇನ್ನೊಂದು ಸುತ್ತು ಹೋಗಿಬಂದೆ.